ಕಂಪ್ಯೂಟರ್ ಯಾರಿಗಾಗಿ ಕಾಯುತ್ತಿದೆ?

ಸ್ವಿಚ್ ಒತ್ತಿ, ಒಲೆಯ ಮೇಲೆ ನೀರಿಟ್ಟು, ಡಿಕಾಕ್ಷನ್ ಇಳಿದು, ಕಾಫಿ ಲೋಟ ಖಾಲಿಯಾದ ಮೇಲೂ ಪರದೆಯ ಉಂಗುರ ಸುತ್ತುತ್ತಲೇ ಇರುವಂಥ ಕಂಪ್ಯೂಟರುಗಳು ನಮ್ಮ ಮನೆ, ಅಂಗಡಿ, ಕಚೇರಿಗಳಲ್ಲಿ ಬೇಕಾದಷ್ಟಿವೆ. ಅವುಗಳ ಮುಂದೆ ಕೂತವರು ಮೊದಲು ಮಾಡುವ ಕೆಲಸ ಮೌಸಿನ ಬಲಗುಂಡಿ ಒತ್ತಿ ‘ರಿಫ್ರೆಶ್’ ಮಾಡುವುದು. ಒಂದು ಸಲಕ್ಕೆ ಸಮಾಧಾನವಿಲ್ಲ, ಐದಾರು ಸಲ ಆಗಬೇಕು. ಆಮೇಲೆ ಪರಿಚಯದ ಕಂಪ್ಯೂಟರ್ ಅಂಗಡಿಗೆ ಫೋನು. ‘ವೈರಸ್ ಸೇರ್ಕೊಂಡಿರುತ್ತೆ ಸಾರ್, ಫಾರ್ಮ್ಯಾಟ್ ಹೊಡೀಬೇಕು’ ಎಂಬ ತೀರ್ಪು ಯಂತ್ರದ ಮುಖ ನೋಡುವ ಮೊದಲೇ ಬಂದುಬಿಡುತ್ತದೆ. ಫಾರ್ಮ್ಯಾಟ್ ಆಗಿ ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ಕೊನೆಗೆ ಹೊಸದನ್ನೇ ಕೊಳ್ಳುವ ಯೋಚನೆ.

ಇಷ್ಟೆಲ್ಲದರ ನಡುವೆ ಯಾರೂ ಕೇಳದೆ ಉಳಿಯುವ ಪ್ರಶ್ನೆ: ಅದು ತಡವರಿಸುತ್ತಿರುವುದು ಎಲ್ಲಿ? ಪ್ರೊಸೆಸರಿಗೆ ನಮ್ಮ ಹಾಗೆ ಮುಪ್ಪು ಬರುವುದಿಲ್ಲ. ಕೊಂಡ ದಿನ ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತಿತ್ತೋ, ಬಿಸಿಯಾಗದೆ ಇದ್ದರೆ ಇವತ್ತೂ ಅಷ್ಟೇ ಮಾಡಬಲ್ಲದು. ಬದಲಾದದ್ದು ಅದರ ಸುತ್ತಲಿನ ಸಂಸಾರ.

ಯುಗಾದಿಯಿಂದ ಯುಗಾದಿಗೆ

ಈಗಿನ ಸಾಧಾರಣ ಪ್ರೊಸೆಸರ್ ಕೂಡ 3 ಗಿಗಾಹರ್ಟ್ಸ್ ಆಸುಪಾಸಿನದು. ಅಂದರೆ ಅದರೊಳಗಿನ ಗಡಿಯಾರ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಈ ಲೆಕ್ಕ ಮನಸ್ಸಿಗೆ ನಿಲುಕುವುದಿಲ್ಲ. ಹಾಗಾಗಿ ಒಂದು ಮಿಡಿತವನ್ನು ಎಳೆದು ಒಂದು ಸೆಕೆಂಡಿನಷ್ಟು ಉದ್ದ ಮಾಡಿ, ಮಿಕ್ಕದ್ದನ್ನೂ ಅದೇ ಅಳತೆಯಲ್ಲಿ ಎಳೆದು ನೋಡೋಣ.

ಪ್ರೊಸೆಸರಿನ ಮಗ್ಗುಲಲ್ಲೇ ಕ್ಯಾಶ್ ಎಂಬ ಪುಟ್ಟ ಸಂಗ್ರಹವಿದೆ. ಅಲ್ಲಿಂದ ಏನಾದರೂ ತೆಗೆಯಲು ನಾಲ್ಕಾರು ಸೆಕೆಂಡು ಸಾಕು, ಒಲೆಯ ಪಕ್ಕದ ಸಾಸಿವೆ ಡಬ್ಬಿಗೆ ಕೈ ಹಾಕಿದ ಹಾಗೆ. ರ‍್ಯಾಮ್‌ನಿಂದ ತರಲು ನಿಜದಲ್ಲಿ ಸುಮಾರು 100 ನ್ಯಾನೊಸೆಕೆಂಡ್ ಹಿಡಿಯುತ್ತದೆ. ನಮ್ಮ ಅಳತೆಯಲ್ಲಿ ಐದು ನಿಮಿಷ, ಬೀದಿ ಕೊನೆಯ ಅಂಗಡಿಯಿಂದ ಕೊತ್ತಂಬರಿ ತಂದಷ್ಟು ಹೊತ್ತು. ಚಿಪ್‌ಗಳಲ್ಲಿ ಬರೆದಿಡುವ ಎಸ್‌ಎಸ್‌ಡಿಯಿಂದ ತರಲು ಮೂರೂವರೆ ದಿನ, ಪರಊರಿನ ನೆಂಟರ ಮದುವೆಗೆ ಹೋಗಿ ಬಂದಷ್ಟು. ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಹೆಚ್ಚುಕಡಿಮೆ 350 ದಿನ. ಈ ಯುಗಾದಿಗೆ ಒಬ್ಬಟ್ಟಿನ ಹೂರಣ ಒಲೆಯ ಮೇಲಿರುವಾಗ ಬೆಲ್ಲ ತರಲು ಹೋದವನು ಮುಂದಿನ ಯುಗಾದಿಯ ಎಣ್ಣೆಸ್ನಾನದ ಹೊತ್ತಿಗೆ ಮನೆ ಮುಟ್ಟುತ್ತಾನೆ.

ಅಡುಗೆಯವನು ಎಷ್ಟು ಚುರುಕಾಗಿದ್ದರೇನು, ಬೆಲ್ಲ ಬರಬೇಕಲ್ಲ. ‘ಸ್ಲೋ’ ಎಂದು ನಾವು ಬೈಯುವ ಬಹುಪಾಲು ಕಂಪ್ಯೂಟರುಗಳ ಪ್ರೊಸೆಸರ್ ಆ ಹೊತ್ತಿನಲ್ಲಿ ಕೈ ಕಟ್ಟಿ ಸುಮ್ಮನೆ ಕೂತಿರುತ್ತದೆ. ಅದು ಯಾರಿಗಾಗಿ ಕಾಯುತ್ತಿದೆ ಎಂದು ಕಂಡುಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ಮೊದಲು ಇಣುಕಬೇಕಾದ ಕಿಟಕಿ

ಕಂಡುಕೊಳ್ಳಲು ಹಣ ಕೊಟ್ಟು ಏನನ್ನೂ ತರಬೇಕಾಗಿಲ್ಲ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂದು ಸಾಲಾಗಿ ನಾಡಿ ಹಿಡಿದು ತೋರಿಸಿರುತ್ತಾರೆ. ಯಂತ್ರ ಸರಿಯಾಗಿ ಓಡುತ್ತಿರುವಾಗ ಇದನ್ನು ನೋಡಿ ಪ್ರಯೋಜನವಿಲ್ಲ; ಅದು ಒದ್ದಾಡುತ್ತಿರುವಾಗಲೇ ನೋಡಬೇಕು. ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟರೆ ಏನು ತಿಳಿದೀತು?

ಡಿಸ್ಕ್ 100% ಮುಟ್ಟಿ, ಸಿಪಿಯು ಹತ್ತು-ಹದಿನೈದರಲ್ಲಿ ಆಡುತ್ತಿದ್ದರೆ ತೊಡಕು ಡಿಸ್ಕಿನದು. ಹಳೆಯ ಯಂತ್ರಗಳಲ್ಲಿ ಅತಿ ಸಾಮಾನ್ಯವಾಗಿ ಕಾಣುವ ಚಿತ್ರ ಇದೇ. ಮೆಮೊರಿ 85-90% ದಾಟಿದ್ದು ಜೊತೆಗೆ ಡಿಸ್ಕೂ ಕುದಿಯುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಸಿಪಿಯು ಒಂದೇ ಸಮನೆ ಮೇಲೆ ನಿಂತಿದ್ದರೆ ‘ಪ್ರೊಸೆಸಸ್’ ಪುಟಕ್ಕೆ ಹೋಗಿ ಸಿಪಿಯು ತಲೆಬರಹದ ಮೇಲೆ ಒತ್ತಿ. ಹೆಚ್ಚು ತಿನ್ನುತ್ತಿರುವ ಪ್ರೋಗ್ರಾಮ್ ಮೇಲಕ್ಕೆ ಬಂದು ನಿಲ್ಲುತ್ತದೆ. ನಾಲ್ಕೂ ತಣ್ಣಗಿದ್ದು ಬ್ರೌಸರ್ ಮಾತ್ರ ತೆವಳುತ್ತಿದ್ದರೆ ಬೈಯಬೇಕಾದದ್ದು ಇಂಟರ್ನೆಟ್ಟನ್ನು, ಕಂಪ್ಯೂಟರನ್ನಲ್ಲ. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಆಕ್ಟಿವಿಟಿ ಮಾನಿಟರ್ ಇದೆ.

ಸಿಪಿಯು ಪುಟದಲ್ಲಿ ‘ಅಪ್ ಟೈಮ್’ ಎಂಬ ಒಂದು ಲೆಕ್ಕವನ್ನೂ ನೋಡಿ. ಪ್ರತಿ ರಾತ್ರಿ ತಪ್ಪದೆ ಶಟ್‌ಡೌನ್ ಮಾಡುವವರ ಯಂತ್ರದಲ್ಲೂ ಅದು ಇಪ್ಪತ್ತು ದಿನ ಎಂದು ತೋರಿಸುವುದುಂಟು. ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಇದಕ್ಕೆ ಕಾರಣ. ಮರುದಿನ ಬೇಗ ಏಳಲೆಂದು, ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳತಿರುಳನ್ನು ಇದ್ದ ಹಾಗೇ ಡಿಸ್ಕಿಗೆ ಬರೆದಿಟ್ಟುಕೊಂಡು ಮಲಗುತ್ತದೆ. ಒಳಗಿನ ಸಿಕ್ಕುಗಳೂ ಅದರ ಜೊತೆಗೇ ಮಲಗಿ ಜೊತೆಗೇ ಏಳುತ್ತವೆ. ನಿಜವಾದ ಹೊಸ ಆರಂಭ ಸಿಗುವುದು ‘ರೀಸ್ಟಾರ್ಟ್’ ಒತ್ತಿದಾಗ ಮಾತ್ರ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡುವುದು ಪುಕ್ಕಟೆ ಔಷಧ. ಅಚ್ಚರಿಯಾಗುವಷ್ಟು ಸಲ ಅದೇ ಸಾಕಾಗುತ್ತದೆ.

ತಿರುಗುವ ತಟ್ಟೆ, ತಿರುಗದ ಚಿಪ್ಪು

1956ರಲ್ಲಿ ಐಬಿಎಂ ಕಂಪನಿ ಮಾರುಕಟ್ಟೆಗೆ ತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಫೋನಿನ ಒಂದೆರಡು ಫೋಟೋಗೆ ಅಷ್ಟು ಜಾಗ ಬೇಕು. ಅಂದಿನಿಂದ ಗಾತ್ರ ಕುಗ್ಗಿ ಸಾಮರ್ಥ್ಯ ಊಹೆಗೆ ಮೀರಿ ಬೆಳೆದರೂ ಮೂಲ ಉಪಾಯ ಹಾಗೇ ಉಳಿದಿದೆ: ಗ್ರಾಮಫೋನಿನ ಹಾಗೆ ತಟ್ಟೆ ತಿರುಗಬೇಕು, ಕಡ್ಡಿ ಸರಿದು ಜಾಗ ಹುಡುಕಬೇಕು.

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಡೆಸ್ಕ್‌ಟಾಪಿನದು 7200. ಐದು ಸಾವಿರ ಎಂದರೆ ದೊಡ್ಡದಾಗಿ ಕೇಳುತ್ತದೆ, ಆದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡು ಬೇಕಾಯಿತು. ಬೇಕಾದ ಜಾಗ ಕಡ್ಡಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಕಡ್ಡಿ ಸರಿಯಲು ಇನ್ನಷ್ಟು ಹೊತ್ತು. ಹೀಗಾಗಿ ಅಲ್ಲೊಂದು ಇಲ್ಲೊಂದು ಚದುರಿದ ಪುಟ್ಟ ಫೈಲುಗಳನ್ನು ಅದು ಸೆಕೆಂಡಿಗೆ ನೂರರ ಒಳಗೆ-ಹೊರಗೆ ಮಾತ್ರ ಓದಬಲ್ಲದು. ವಿಂಡೋಸ್ ಏಳುವಾಗ ಬೇಕಾಗುವುದೋ ಇಂಥ ಸಾವಿರಾರು ಚೂರುಗಳು. ಅದೇ ಹೊತ್ತಿಗೆ ಆಂಟಿವೈರಸ್ ಎದ್ದು ತಪಾಸಣೆಗೆ ನಿಲ್ಲುತ್ತದೆ, ಅಪ್‌ಡೇಟ್ ಇಳಿಯತೊಡಗುತ್ತದೆ, ಹುಡುಕಾಟದ ಪಟ್ಟಿ ಕಟ್ಟುವ ಸೇವೆ ಶುರುವಾಗುತ್ತದೆ. ಒಂದೇ ಕಡ್ಡಿಯನ್ನು ನಾಲ್ಕು ಜನ ನಾಲ್ಕು ದಿಕ್ಕಿಗೆ ಎಳೆದರೆ ಡಿಸ್ಕ್ 100% ತೋರಿಸದೆ ಇನ್ನೇನು ಮಾಡೀತು.

ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಏನೂ ಇಲ್ಲ. ಪೆನ್‌ಡ್ರೈವಿನ ಹಾಗೆ ಚಿಪ್‌ಗಳಲ್ಲಿ ಬರೆದಿಟ್ಟದ್ದು. ದೊಡ್ಡದೊಂದು ಸಿನಿಮಾ ನಕಲು ಮಾಡುವಾಗ ಸಾಟಾ ಎಂಬ ಜೋಡಣೆಯ ಎಸ್‌ಎಸ್‌ಡಿ ಸೆಕೆಂಡಿಗೆ 500 ಮೆಗಾಬೈಟಿನ ಮೇಲೆ ಓದಿದರೆ, ಹಾರ್ಡ್ ಡಿಸ್ಕ್ ನೂರು-ನೂರೈವತ್ತಕ್ಕೆ ನಿಲ್ಲುತ್ತದೆ. ನಾಲ್ಕೈದು ಪಟ್ಟು ಅಷ್ಟೆ. ಆದರೆ ಚದುರಿದ ಪುಟ್ಟ ಫೈಲುಗಳ ಓದಿನಲ್ಲಿ ಅಂತರ ನೂರಾರು ಪಟ್ಟು. ಅಂಗಡಿಯ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಇರುವುದು ಮೊದಲನೆಯ ಲೆಕ್ಕ. ನಮ್ಮ ಅನುಭವವನ್ನು ಬದಲಿಸುವುದು ಎರಡನೆಯದು. ಆದ್ದರಿಂದ ಸೆಕೆಂಡಿಗೆ ಮೂರು ಸಾವಿರ ಮೆಗಾಬೈಟ್ ಓದುವ ಎನ್‌ವಿಎಂಇ ಎಸ್‌ಎಸ್‌ಡಿಯೇ ಆಗಬೇಕೆಂದು ಹಳೆಯ ಯಂತ್ರದವರು ಕೊರಗಬೇಕಾಗಿಲ್ಲ. ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಕಾಣುವ ಬದಲಾವಣೆಯ ಮುಂದೆ ಅಲ್ಲಿಂದಾಚೆಗಿನದು ಚಿಲ್ಲರೆ.

ಒಂದೇ ಒಂದು ಕಡೆ ಖರ್ಚು ಮಾಡುವುದಾದರೆ ಎಲ್ಲಿ ಎಂದು ನನ್ನನ್ನು ಕೇಳಿದರೆ ನಾನು ಹೇಳುವುದು ಎಸ್‌ಎಸ್‌ಡಿಯನ್ನೇ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ 2.5 ಇಂಚಿನದು; ಸಾಟಾ ಎಸ್‌ಎಸ್‌ಡಿಯೂ ಅದೇ ಅಳತೆ, ಅದೇ ಕನೆಕ್ಟರ್. ಅದನ್ನು ತೆಗೆದು ಇದನ್ನು ಕೂರಿಸಿದರೆ ಆಯಿತು. ಯಂತ್ರದಲ್ಲಿ ಡಿವಿಡಿ ಡ್ರೈವ್ ಇದ್ದರೆ ಅದನ್ನು ಬಿಚ್ಚಿ, ಆ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಹಳೆಯ ಹಾರ್ಡ್ ಡಿಸ್ಕನ್ನು ಸೇರಿಸಿ ಫೋಟೋ-ಸಿನಿಮಾಗಳಿಗೆ ಬಿಟ್ಟುಕೊಳ್ಳಬಹುದು. ಬೆಂಗಳೂರಿನ ಎಸ್.ಪಿ. ರೋಡಿನ ಸಾಲು ಅಂಗಡಿಗಳಲ್ಲಿ ಈ ಕ್ಯಾಡಿ, ಸಾಟಾ ಕೇಬಲ್, ಯುಎಸ್‌ಬಿ ಎನ್‌ಕ್ಲೋಷರ್ ಎಲ್ಲ ಸಿಗುತ್ತವೆ. ಎಂ.2 ಎಂಬ ಸಣ್ಣ ಪಟ್ಟಿಯಂಥ ಎಸ್‌ಎಸ್‌ಡಿ ಕೊಳ್ಳುವವರು ಮಾತ್ರ ತಮ್ಮ ಯಂತ್ರ ಯಾವುದನ್ನು ಒಪ್ಪುತ್ತದೆ ಎಂದು ಮೊದಲೇ ನೋಡಬೇಕು. ಒಂದೇ ಆಕಾರದಲ್ಲಿ ಸಾಟಾ ಜಾತಿಯದೂ ಎನ್‌ವಿಎಂಇ ಜಾತಿಯದೂ ಬರುತ್ತವೆ, ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡದೆ ಇರಬಹುದು.

ಹಳೆಯ ವಿಂಡೋಸನ್ನು ಇದ್ದ ಹಾಗೇ ಹೊಸ ಡಿಸ್ಕಿಗೆ ನಕಲು ಮಾಡಲು ಕ್ಲೋನಿಂಗ್ ತಂತ್ರಾಂಶಗಳಿವೆ, ಕ್ಲೋನ್‌ಜಿಲ್ಲಾ ಉಚಿತ. ನನಗೆ ಹೊಸದಾಗಿ ಹಾಕಿಕೊಳ್ಳುವುದೇ ಇಷ್ಟ. ಮನೆ ಬದಲಿಸುವಾಗ ಅಟ್ಟದ ಮೇಲಿನ ಮುರಿದ ಕುರ್ಚಿಯನ್ನೂ ಲಾರಿಗೆ ಹೇರುವುದು ಏಕೆ?

ಹಾರ್ಡ್ ಡಿಸ್ಕ್ ಟಕ್‌ಟಕ್ ಎಂದು ಸದ್ದು ಮಾಡತೊಡಗಿದ್ದರೆ, ಒಂದು ಫೋಲ್ಡರ್ ತೆರೆಯುವಾಗ ನಿಮಿಷಗಟ್ಟಲೆ ಹೆಪ್ಪುಗಟ್ಟಿ ನಿಲ್ಲುತ್ತಿದ್ದರೆ, ವೇಗದ ಚಿಂತೆ ಬಿಟ್ಟು ಮೊದಲು ಬೇಕಾದ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ಅದು ಸಾಯುವ ಮುನ್ಸೂಚನೆ. ಡಿಸ್ಕ್ ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದಿಡುತ್ತದೆ; ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಉಚಿತ ಪ್ರೋಗ್ರಾಮಿನಲ್ಲಿ ಅದನ್ನು ಓದಬಹುದು. ಎಸ್‌ಎಸ್‌ಡಿ ಸದ್ದಿಲ್ಲದ ಸಾಧನ, ಕೆಟ್ಟಾಗಲೂ ಸದ್ದಿಲ್ಲದೆ ಒಂದೇ ಸಲಕ್ಕೆ ಹೋಗುವುದುಂಟು. ಹಾಗಾಗಿ ಬ್ಯಾಕಪ್ ಎರಡಕ್ಕೂ ಬೇಕು.

ಕೆಂಪಗಾದ ಸಿ ಡ್ರೈವ್

ನಮ್ಮ ಅಂಗಡಿಗಳಲ್ಲಿ ಒಂದು ಹಳೆಯ ಪದ್ಧತಿಯಿದೆ: ಸಿ ಡ್ರೈವಿಗೆ ನೂರು ಜಿಬಿ ಕೊಟ್ಟು ಮಿಕ್ಕದ್ದನ್ನು ಡಿ, ಇ ಎಂದು ಹಂಚುವುದು. ಎರಡು ವರ್ಷದಲ್ಲಿ ಸಿ ತುಂಬಿ ತುಳುಕುತ್ತದೆ, ಡಿ ಭಣಗುಟ್ಟುತ್ತಿರುತ್ತದೆ. ಡೆಸ್ಕ್‌ಟಾಪಿನ ಮೇಲೆ ಇಟ್ಟದ್ದು, ಡೌನ್‌ಲೋಡ್ ಆದದ್ದು ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತದೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹತ್ತನೇ ಒಂದು ಪಾಲಿಗಿಂತ ಕಡಿಮೆ ಜಾಗ ಉಳಿದಾಗ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಆ ಪಟ್ಟಿ ಕೆಂಪಗಾಗುತ್ತದೆ. ಅದು ಅಲಂಕಾರಕ್ಕಲ್ಲ. ವಿಂಡೋಸ್‌ಗೆ ತಾತ್ಕಾಲಿಕವಾಗಿ ಬರೆದುಕೊಳ್ಳಲು, ಅಪ್‌ಡೇಟ್ ಬಿಚ್ಚಿಕೊಳ್ಳಲು ಜಾಗ ಬೇಕು. ಎಸ್‌ಎಸ್‌ಡಿಗಂತೂ ಖಾಲಿ ಜಾಗ ಉಸಿರಿದ್ದ ಹಾಗೆ: ಅದು ಬರೆದದ್ದರ ಮೇಲೆಯೇ ಬರೆಯಲಾರದು, ಒಂದಿಡೀ ಬ್ಲಾಕನ್ನು ಅಳಿಸಿಯೇ ಹೊಸದನ್ನು ಬರೆಯಬೇಕು. ತುಂಬಿದ ಗೋದಾಮಿನಲ್ಲಿ ಒಂದು ಮೂಟೆ ಸರಿಸಲು ಹತ್ತು ಮೂಟೆ ಆಚೀಚೆ ಮಾಡಿದ ಹಾಗೆ ಅದು ಹೆಣಗುತ್ತದೆ.

‘ಸೆಟ್ಟಿಂಗ್ಸ್’ ಒಳಗಿನ ‘ಸ್ಟೋರೇಜ್’ ಪುಟ ಯಾವುದು ಎಷ್ಟು ತಿಂದಿದೆ ಎಂದು ಬಿಡಿಸಿ ತೋರಿಸುತ್ತದೆ. ಹಳೆಯ ವಿಂಡೋಸಿನ ಪಳೆಯುಳಿಕೆ, ರೀಸೈಕಲ್ ಬಿನ್, ಒಂದೇ ಪಿಡಿಎಫ್‌ನ ಆರು ಪ್ರತಿಗಳು, ಇವು ಹೋದರೆ ಹತ್ತಾರು ಜಿಬಿ ಬಿಡುವಾಗುತ್ತದೆ. ಡಿಫ್ರಾಗ್ ಎಂಬ ಹಳೆಯ ಕರ್ಮ ಹಾರ್ಡ್ ಡಿಸ್ಕಿಗೆ ಸಂಬಂಧಪಟ್ಟದ್ದು. ವಿಸ್ತಾದ ಕಾಲದಿಂದಲೂ ವಿಂಡೋಸ್ ಅದನ್ನು ವೇಳಾಪಟ್ಟಿ ಹಾಕಿಕೊಂಡು ತಾನೇ ಮಾಡುತ್ತದೆ. ಎಸ್‌ಎಸ್‌ಡಿಗೆ ಕೈಯಾರೆ ಡಿಫ್ರಾಗ್ ಮಾಡಿದರೆ ವೃಥಾ ಸವೆತ.

ರ‍್ಯಾಮ್ ಎಷ್ಟಿದ್ದರೆ ಸಾಕು

ವಿಂಡೋಸ್ 95ಕ್ಕೆ ಬೇಕಿದ್ದ ಕನಿಷ್ಠ ರ‍್ಯಾಮ್ 4 ಮೆಗಾಬೈಟ್. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 4 ಗಿಗಾಬೈಟ್. ಸಾವಿರ ಪಟ್ಟು! ನಾವು ಬರೆಯುವ ಪತ್ರ, ಹಾಕುವ ಲೆಕ್ಕ ಸಾವಿರ ಪಟ್ಟು ಉದ್ದವಾಗಲಿಲ್ಲ. ಪ್ಯಾಸ್ಕಲ್ ಭಾಷೆಯನ್ನು ಕೊಟ್ಟ ನಿಕ್ಲಾಸ್ ವಿರ್ತ್ 1995ರಷ್ಟು ಹಿಂದೆಯೇ ಇದನ್ನು ಎತ್ತಿ ಆಡಿದ್ದರು: ಯಂತ್ರಾಂಶ ವೇಗ ಪಡೆಯುವುದಕ್ಕಿಂತ ಜೋರಾಗಿ ತಂತ್ರಾಂಶ ಮೈ ಬೆಳೆಸಿಕೊಂಡು ನಿಧಾನವಾಗುತ್ತಿದೆ ಎಂಬುದು ಅವರ ದೂರು. ಅದಕ್ಕೆ ‘ವಿರ್ತ್ ನಿಯಮ’ ಎಂದೇ ಹೆಸರಾಯಿತು.

ರ‍್ಯಾಮ್ ಅಂದರೆ ಕೆಲಸದ ಮೇಜು. ಮೇಜು ತುಂಬಿದಾಗ ಕಂಪ್ಯೂಟರ್ ಸದ್ಯಕ್ಕೆ ಬೇಡದ್ದನ್ನು ಡಿಸ್ಕಿನ ಒಂದು ಮೂಲೆಗೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತದೆ. ಸ್ವಲ್ಪ ಮಟ್ಟಿಗಾದರೆ ಇದು ಜಾಣತನ. ಮೇಜು ತೀರ ಚಿಕ್ಕದಾದರೆ ಮಾತ್ರ ಇಡುವುದು-ತರುವುದೇ ಕೆಲಸವಾಗಿ ನಿಜವಾದ ಕೆಲಸ ನಿಂತೇ ಹೋಗುತ್ತದೆ. ಇದಕ್ಕೆ ‘ಥ್ರಾಶಿಂಗ್’ ಎನ್ನುತ್ತಾರೆ. ಅದು ಏಕಾಗುತ್ತದೆ, ತಡೆಯುವುದು ಹೇಗೆ ಎಂದು ಪೀಟರ್ ಡೆನಿಂಗ್ 1968ರಲ್ಲೇ ವಿವರಿಸಿದ್ದರು. ತಿರುಗುವ ಹಾರ್ಡ್ ಡಿಸ್ಕ್ ಮತ್ತು ಕಡಿಮೆ ರ‍್ಯಾಮ್ ಒಂದೇ ಮನೆಯಲ್ಲಿ ಕೂಡಿದರೆ ಆಗುವ ದಾಂಪತ್ಯ ಇದು.

ಬ್ರೌಸರ್, ಮೇಲ್, ಕಾಗದಪತ್ರ, ಲೆಕ್ಕಪತ್ರಕ್ಕೆ 8 ಜಿಬಿ ಸಾಕು. ದಿನವಿಡೀ ಮೂವತ್ತು ಟ್ಯಾಬ್ ತೆರೆದಿಟ್ಟು ಮೀಟಿಂಗ್ ಮಾಡುವವರಿಗೆ 16. ಇನ್ನೂ ಹಾಕಿದರೆ ಇನ್ನೂ ವೇಗ ಎಂದೇನಿಲ್ಲ, ಮೇಜು ಖಾಲಿ ಬಿದ್ದಿರುತ್ತದೆ ಅಷ್ಟೆ. ಕೊಳ್ಳುವ ಮೊದಲು ಡಿಡಿಆರ್3, 4, 5ರಲ್ಲಿ ಯಾವುದು ಎಂದು ತಿಳಿಯಬೇಕು. ಇವುಗಳ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಕೂರುವುದೇ ಇಲ್ಲ. ಎರಡು ಸ್ಲಾಟ್ ಇದ್ದರೆ ಒಂದೇ ದೊಡ್ಡ ಪಟ್ಟಿಗಿಂತ ಸಮನಾದ ಎರಡು ಪಟ್ಟಿ ಲೇಸು. ಎರಡು ದಾರಿಯಲ್ಲಿ ಒಟ್ಟಿಗೆ ಸಾಗಾಟ ನಡೆಯುತ್ತದೆ.

ಹಳೆಯ ಕಚೇರಿ ಯಂತ್ರಗಳಲ್ಲಿ ಇನ್ನೊಂದು ತಮಾಷೆ. ರ‍್ಯಾಮ್ 8 ಜಿಬಿ ಹಾಕಿಸಿರುತ್ತಾರೆ, ವಿಂಡೋಸ್ ಮಾತ್ರ 32 ಬಿಟ್‌ನದು. ಮನೆ-ಕಚೇರಿ ಬಳಕೆಯ 32 ಬಿಟ್ ವಿಂಡೋಸ್ 4 ಜಿಬಿಗಿಂತ ಆಚೆ ಎಣಿಸಲಾರದು. ಅದರಲ್ಲೂ ಒಂದಿಷ್ಟು ಬೇರೆ ಸಾಧನಗಳ ಪಾಲಾಗಿ ಮೂರು ಚಿಲ್ಲರೆ ಕೈಗೆ ಸಿಗುತ್ತದೆ. ‘ಸಿಸ್ಟಮ್’ ಪುಟದಲ್ಲಿ ಒಮ್ಮೆ ನೋಡಿದರೆ ತಿಳಿಯುತ್ತದೆ.

ಕರೆಯದೆ ಬಂದ ನೆಂಟರು

ಪ್ರಿಂಟರ್ ಜೊತೆ ಬಂದ ಸಹಾಯಕ, ಫೋನ್ ಜೋಡಿಸಲು ಒಮ್ಮೆ ಹಾಕಿದ ಪ್ರೋಗ್ರಾಮ್, ಮೀಟಿಂಗ್ ಆ್ಯಪ್‌ಗಳು, ಆಟದ ಅಂಗಡಿ: ಎಲ್ಲವಕ್ಕೂ ಕಂಪ್ಯೂಟರ್ ಎದ್ದ ಕೂಡಲೇ ತಾವೂ ಏಳುವ ಚಪಲ. ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪುಟದಲ್ಲಿ ಇವುಗಳ ಪಟ್ಟಿಯಿದೆ. ಆಂಟಿವೈರಸ್, ಟಚ್‌ಪ್ಯಾಡ್ ಮತ್ತು ಧ್ವನಿಗೆ ಸಂಬಂಧಪಟ್ಟದ್ದನ್ನು ಬಿಟ್ಟು ಮಿಕ್ಕವನ್ನು ‘ಡಿಸೇಬಲ್’ ಮಾಡಿದರೆ ನಷ್ಟವಿಲ್ಲ. ಪ್ರೋಗ್ರಾಮ್ ಅಳಿಸಿಹೋಗುವುದಿಲ್ಲ, ಕರೆದಾಗ ಬರುತ್ತದೆ.

ಇಬ್ಬರು ಕಾವಲುಗಾರರು ಒಂದೇ ಬಾಗಿಲಲ್ಲಿ ನಿಂತು ಒಬ್ಬರ ಜೇಬನ್ನು ಇನ್ನೊಬ್ಬರು ತಡಕುವುದು ಎರಡು ಆಂಟಿವೈರಸ್ ಹಾಕಿದಾಗ ನಡೆಯುತ್ತದೆ. ಒಂದೇ ಇರಲಿ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಬಳಕೆಗೆ ಸಾಕು ಎಂಬುದು ನನ್ನ ಅಭಿಪ್ರಾಯ. ಅವಧಿ ಮುಗಿದು ದಿನಕ್ಕೆ ಹತ್ತು ಸಲ ಹಣ ಕೇಳುವ ಟ್ರಯಲ್ ಆವೃತ್ತಿಗಳಿಗಿಂತ ಖಂಡಿತ ವಾಸಿ.

ಇನ್ನು ಬ್ರೌಸರ್. 2008ರಲ್ಲಿ ಕ್ರೋಮ್ ಬಂದಾಗ ಪ್ರತಿ ಟ್ಯಾಬನ್ನೂ ಬೇರೆ ಬೇರೆ ಪ್ರಕ್ರಿಯೆಯಾಗಿ ಓಡಿಸುವ ಮಾದರಿ ತಂದಿತು. ಒಂದು ಕುಸಿದರೆ ಮಿಕ್ಕವು ಉಳಿಯಲಿ ಎಂಬ ಒಳ್ಳೆಯ ಉದ್ದೇಶ. ಬೆಲೆ ಮಾತ್ರ ರ‍್ಯಾಮ್‌ನಲ್ಲಿ ತೆರಬೇಕು. ಕ್ರೋಮ್‌ನ ‘ಮೆಮೊರಿ ಸೇವರ್’, ಎಡ್ಜ್‌ನ ‘ಸ್ಲೀಪಿಂಗ್ ಟ್ಯಾಬ್ಸ್’ ನೋಡದೆ ಬಿಟ್ಟ ಟ್ಯಾಬುಗಳನ್ನು ಮಲಗಿಸುತ್ತವೆ. ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನೂ ತೆರೆದು ನೋಡಿ. ಹಾಕಿದ್ದು ನೆನಪೇ ಇಲ್ಲದ ಒಂದೆರಡಾದರೂ ಅಲ್ಲಿರುತ್ತವೆ.

ಧೂಳು, ಬಿಸಿ, ಚಾರ್ಜರ್

ಬೆಳಗ್ಗೆ ಚೆನ್ನಾಗಿ ಓಡುವ ಯಂತ್ರ ಅರ್ಧ ಗಂಟೆಯಲ್ಲಿ ಮಂಕಾದರೆ ತಂತ್ರಾಂಶವನ್ನು ಕೆದಕಬೇಡಿ, ಫ್ಯಾನಿನ ಕಡೆ ನೋಡಿ. ಪ್ರೊಸೆಸರಿನ ತಾಪ 100 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಬಂದಾಗ ಸುಟ್ಟುಹೋಗದಿರಲು ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಕೆಲಸ ಭರ್ತಿ ಇದ್ದಾಗಲೂ ವೇಗ ಒಂದು ಗಿಗಾಹರ್ಟ್ಸ್‌ಗಿಂತ ಕೆಳಗೆ ಅಂಟಿಕೊಂಡಿದ್ದರೆ ಇದೇ ಗುಮಾನಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಹೊರಗಿನ ಗಾಳಿಯೇ 40 ಡಿಗ್ರಿ ಇರುವಾಗ ಫ್ಯಾನಿನ ರೆಕ್ಕೆಯ ಹಿಂದೆ ಹತ್ತಿಯಂತೆ ಧೂಳು ಕೂತಿದ್ದರೆ ಪಾಪದ ಯಂತ್ರ ಏನು ಮಾಡೀತು. ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪಿಗೂ ಇದೇ ಗತಿ. ಗಾಳಿ ಎಳೆದುಕೊಳ್ಳುವ ಕಿಂಡಿ ಇರುವುದು ಹೆಚ್ಚಾಗಿ ಅದರ ಹೊಟ್ಟೆಯಲ್ಲಿ.

ಬ್ಲೋವರಿನಿಂದ ಊದುವಾಗ ಫ್ಯಾನು ಬುಗುರಿಯಂತೆ ತಿರುಗದ ಹಾಗೆ ಕಡ್ಡಿಯೊಂದರಿಂದ ತಡೆದು ಹಿಡಿಯಬೇಕು. ನಾಲ್ಕೈದು ವರ್ಷ ದಾಟಿದ ಯಂತ್ರದಲ್ಲಿ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ; ಅದನ್ನು ಒರೆಸಿ ಹೊಸದಾಗಿ ಹಚ್ಚಿಸುವುದು ಸಣ್ಣ ಖರ್ಚಿನ ಕೆಲಸ. ಕೆಲವು ಲ್ಯಾಪ್‌ಟಾಪುಗಳು ತಮ್ಮದಲ್ಲದ ಚಾರ್ಜರ್ ಚುಚ್ಚಿದರೂ ವೇಗ ಇಳಿಸಿಕೊಂಡು ಕೂರುತ್ತವೆ. ನಮ್ಮ ಮನೆಯ ಒಂದು ಲ್ಯಾಪ್‌ಟಾಪ್ ಎರಡು ವಾರ ಎಲ್ಲರಿಂದ ಬೈಸಿಕೊಂಡದ್ದು ಅಗ್ಗದ ಚಾರ್ಜರಿನ ತಪ್ಪಿಗೆ.

ಕೆಲಸಕ್ಕೆ ಬಾರದ ಉಪಚಾರಗಳು

ಮೊದಲಿಗೆ ಆ ರಿಫ್ರೆಶ್. ಅದು ಡೆಸ್ಕ್‌ಟಾಪಿನ ಐಕಾನುಗಳನ್ನು ಇನ್ನೊಮ್ಮೆ ಬರೆದು ತೋರಿಸುತ್ತದೆ, ಅಷ್ಟೆ. ಬೆರಳಿಗೆ ವ್ಯಾಯಾಮ.

ಎರಡನೆಯದು ‘ರನ್’ ತೆರೆದು ಟೆಂಪ್, ಪ್ರಿಫೆಚ್ ಎಂದು ಬರೆದು ಸಿಕ್ಕಿದ್ದನ್ನೆಲ್ಲ ಅಳಿಸುವ ವಿದ್ಯೆ. ಟೆಂಪ್ ಅಳಿಸಿದರೆ ಜಾಗವಾದರೂ ಸಿಗುತ್ತದೆ. ಪ್ರಿಫೆಚ್ ಎಂಬುದೋ ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಬಂದ, ಯಾವ ಪ್ರೋಗ್ರಾಮಿಗೆ ಯಾವ ಫೈಲುಗಳು ಬೇಕಾಗುತ್ತವೆ ಎಂಬ ಟಿಪ್ಪಣಿ. ಬೇಗ ತೆರೆಯಲೆಂದೇ ಬರೆದಿಟ್ಟುಕೊಂಡದ್ದು. ಅದನ್ನು ಅಳಿಸಿದರೆ ಮುಂದಿನ ಸಲ ಇನ್ನಷ್ಟು ತಡ.

ಮೂರನೆಯದು ‘ಬೂಸ್ಟರ್’, ‘ಆಪ್ಟಿಮೈಸರ್’, ‘ಕ್ಲೀನರ್’ಗಳ ದೊಡ್ಡ ಜಾತ್ರೆ. ಇದರ ಇತಿಹಾಸ ರಸವತ್ತಾಗಿದೆ. ರ‍್ಯಾಮ್ ದುಬಾರಿಯಾಗಿದ್ದ 1995ರಲ್ಲಿ ಅಮೆರಿಕದ ಸಿಂಕ್ರೊನಿಸ್ ಎಂಬ ಕಂಪನಿ ‘ಸಾಫ್ಟ್‌ರ‍್ಯಾಮ್ 95’ ಎಂಬ ತಂತ್ರಾಂಶವನ್ನು ಮಾರಿತು. ಹಾಕಿಕೊಂಡರೆ ಇದ್ದ ರ‍್ಯಾಮ್ ದುಪ್ಪಟ್ಟು ಎಂಬ ಭರವಸೆ. ಜನ ಮುಗಿಬಿದ್ದು ಕೊಂಡರು. ಬಿಚ್ಚಿ ನೋಡಿದ ತಜ್ಞರಿಗೆ ಕಂಡದ್ದು, ವಿಂಡೋಸ್ 95ರಲ್ಲಿ ಅದು ಪರದೆಯ ಮೇಲೆ ದೊಡ್ಡ ಸಂಖ್ಯೆ ತೋರಿಸುತ್ತಿತ್ತೇ ಹೊರತು ಮೆಮೊರಿಯನ್ನು ಮುಟ್ಟುತ್ತಲೇ ಇರಲಿಲ್ಲ. ಮುಂದಿನ ವರ್ಷ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕ್ರಮಕ್ಕಿಳಿಯಿತು. ಇಂದಿನ ‘ರ‍್ಯಾಮ್ ಕ್ಲೀನರ್’ಗಳು ಮೆಮೊರಿಯನ್ನು ಮುಟ್ಟುತ್ತವೆ, ಅದೇ ತೊಂದರೆ: ಮೇಜಿನ ಮೇಲಿದ್ದದ್ದನ್ನು ಡಿಸ್ಕಿಗೆ ತಳ್ಳಿ ‘ಇಷ್ಟು ಖಾಲಿ ಮಾಡಿದೆ’ ಎಂದು ಬೀಗುತ್ತವೆ, ಮರುಕ್ಷಣ ಬೇಕಾದದ್ದನ್ನು ಯಂತ್ರ ಮತ್ತೆ ಹೊತ್ತು ತರಬೇಕು. ರಿಜಿಸ್ಟ್ರಿ ಸ್ವಚ್ಛ ಮಾಡುವ ಪ್ರೋಗ್ರಾಮುಗಳಿಂದ ವೇಗ ಹೆಚ್ಚುವುದು ಅಳತೆಗೆ ಸಿಗದಷ್ಟು, ಕೆಡುವ ಅಪಾಯ ಮಾತ್ರ ನಿಜ. ಹೆಸರಾಂತ ಪ್ರೋಗ್ರಾಮುಗಳೂ ಇಲ್ಲಿ ಪೂರಾ ನಿರಪಾಯವಲ್ಲ. 2017ರಲ್ಲಿ ಸಿಕ್ಲೀನರ್‌ನ ಒಂದು ಆವೃತ್ತಿಯೊಳಗೆ ಕಳ್ಳರು ಕುತಂತ್ರಾಂಶ ಸೇರಿಸಿ, ಅದು 20 ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಅಧಿಕೃತ ಬಾಗಿಲಿನಿಂದಲೇ ಹೋಗಿತ್ತು.

ಕಚೇರಿಯ ಕಾಯಿಲೆಗಳು ಬೇರೆ

ಕಚೇರಿಯಲ್ಲಿ ತಡವಾಗುವುದು ಎಷ್ಟೋ ಸಲ ಯಂತ್ರದಿಂದಲ್ಲ, ನಡುವಿನ ತಂತಿಯಿಂದ. ಲೆಕ್ಕಪತ್ರದ ದತ್ತಾಂಶ ಒಂದು ಕಂಪ್ಯೂಟರಿನಲ್ಲಿದ್ದು ನಾಲ್ವರು ವೈಫೈಯಲ್ಲಿ ತೆರೆಯುತ್ತಿದ್ದರೆ ನಾಲ್ವರಿಗೂ ಹ್ಯಾಂಗ್. ಕೇಬಲ್ ಎಳೆಸಿ. ಕೇಬಲ್ ಇದ್ದೂ ನಿಧಾನವೆಂದರೆ ತುದಿಯ ಕ್ರಿಂಪಿಂಗ್ ನೋಡಬೇಕು. ಗಿಗಾಬಿಟ್ ವೇಗಕ್ಕೆ ಒಳಗಿನ ಎಂಟೂ ಎಳೆಗಳು ಬೇಕು. ಒಂದು ಎಳೆ ಸಡಿಲವಾದರೂ ಸಂಪರ್ಕ ಕಡಿಯದೆ ತೆಪ್ಪಗೆ 100 ಮೆಗಾಬಿಟ್‌ಗೆ ಇಳಿಯಬಹುದು, ಅಂದರೆ ಸೆಕೆಂಡಿಗೆ 12 ಮೆಗಾಬೈಟಿನಷ್ಟು. ಯಾರಿಗೂ ಅನುಮಾನವೇ ಬರುವುದಿಲ್ಲ. ಎಂದೋ ಕಿತ್ತುಹಾಕಿದ ನೆಟ್‌ವರ್ಕ್ ಪ್ರಿಂಟರ್, ಈಗಿಲ್ಲದ ಸರ್ವರಿನ ಹಂಚಿಕೆ ಡ್ರೈವ್ ಪಟ್ಟಿಯಲ್ಲಿ ಉಳಿದಿದ್ದರೆ, ಫೋಲ್ಡರ್ ತೆರೆದಾಗಲೆಲ್ಲ ಕಂಪ್ಯೂಟರ್ ಅವನ್ನು ಕೂಗಿ ಕರೆದು ಉತ್ತರಕ್ಕೆ ಕಾಯುತ್ತದೆ.

ಎಕ್ಸೆಲ್‌ನದು ಇನ್ನೊಂದು ಕಥೆ. ಇಂಡೈರೆಕ್ಟ್, ಆಫ್‌ಸೆಟ್, ಟುಡೇಯಂಥ ಸೂತ್ರಗಳು ಎಲ್ಲೋ ಒಂದು ಕೋಶ ತಿದ್ದಿದರೂ ಮತ್ತೆ ಲೆಕ್ಕ ಹಾಕುತ್ತವೆ. ಹಾಳೆಯ ತುಂಬ ಅವೇ ಇದ್ದರೆ ಒಂದು ಅಂಕಿ ಹೊಡೆದು ಒಂದು ಗುಟುಕು ಚಹಾ ಕುಡಿಯಬಹುದು. ದೊಡ್ಡ ಹಾಳೆಗಳಲ್ಲಿ ಲೆಕ್ಕಾಚಾರವನ್ನು ‘ಮ್ಯಾನ್ಯುಅಲ್’ಗೆ ಇಟ್ಟು ಬೇಕೆಂದಾಗ ಎಫ್9 ಒತ್ತುವುದು ಲೇಸು.

ಹೊಸ ವಿಂಡೋಸ್ ಒಲ್ಲದ ಯಂತ್ರಗಳು

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು, ಇಂಟೆಲ್ ಆದರೆ, ಹೆಚ್ಚುಕಡಿಮೆ 8ನೇ ತಲೆಮಾರಿನ ಮೇಲಿನ ಪ್ರೊಸೆಸರ್. ಅಡ್ಡದಾರಿಯಿಂದ ಹಳೆಯದಕ್ಕೂ ತುರುಕಬಹುದು. ಅಪ್‌ಡೇಟ್ ಬರುತ್ತಲೇ ಇರುತ್ತದೆಂಬ ಖಾತರಿಯಿಲ್ಲ. ಎಸ್‌ಎಸ್‌ಡಿ, 4-8 ಜಿಬಿ ರ‍್ಯಾಮ್ ಇರುವ ಇಂಥ ಯಂತ್ರಗಳಿಗೆ ವಿಂಡೋಸಿನ ಬದಲಿಗೆ ಲಿನಕ್ಸ್ ಮಿಂಟ್ ಒಳ್ಳೆಯ ಆಶ್ರಯ, ಅದರಲ್ಲೂ ಎಕ್ಸ್‌ಎಫ್‌ಸಿಇ ಆವೃತ್ತಿ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ, ಒಪ್ಪಿಗೆಯಾದರೆ ಹಾಕಿಕೊಳ್ಳಬಹುದು.

ಕನ್ನಡದಲ್ಲಿ ಕೆಲಸ ಮಾಡುವವರು ಒಂದು ಹೆಜ್ಜೆ ಮುಂಚೆ ಯೋಚಿಸಬೇಕು. ಕನ್ನಡ ಗಣಕ ಪರಿಷತ್ತಿನ (ಕಗಪ) ನುಡಿ, ಹಾಗೆಯೇ ಬರಹ, ವಿಂಡೋಸಿಗೆ ಮಾಡಿದವು. ಟೈಪಿಂಗ್‌ಗೆ ತೊಂದರೆಯಿಲ್ಲ, ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಕಗಪ ವಿನ್ಯಾಸ ಸಿಗುತ್ತದೆ, ಬೆರಳಿನ ರೂಢಿ ತಪ್ಪುವುದಿಲ್ಲ. ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ಬರುವ ಮೊದಲಿನ ಆನ್ಸಿ ಫಾಂಟಿನಲ್ಲಿ ಟೈಪಿಸಿದ ನಡಾವಳಿ, ಲಗ್ನಪತ್ರಿಕೆ, ಪುಸ್ತಕದ ಪುಟಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಾಗದ ಚಿಹ್ನೆಗಳ ಸಂತೆಯಾಗುತ್ತವೆ. ಹಳೆಯ ವಿಂಡೋಸ್ ಇನ್ನೂ ಜೀವಂತವಿರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಎಲ್ಲಿ ಮುರಿದಿವೆ ಎಂದು ಕಣ್ಣಾಡಿಸಿ ಇಟ್ಟುಕೊಳ್ಳಬೇಕು.

ಕೆಲವು ಯಂತ್ರಗಳ ಮಟ್ಟಿಗೆ ಇದ್ಯಾವುದೂ ನಡೆಯುವುದಿಲ್ಲ. 2 ಜಿಬಿ ರ‍್ಯಾಮ್ ಮತ್ತು 32 ಜಿಬಿ ಇಎಂಎಂಸಿ ಸಂಗ್ರಹವನ್ನು ಬೋರ್ಡಿಗೇ ಬೆಸುಗೆ ಹಾಕಿದ ಅಗ್ಗದ ಲ್ಯಾಪ್‌ಟಾಪುಗಳು ಈ ಗುಂಪಿನವು. ಬಿಚ್ಚಿದರೆ ಬದಲಿಸಲು ಏನೂ ಇರುವುದಿಲ್ಲ. ಅವುಗಳ ಮೇಲೆ ಹಣ ಹಾಕದೆ, ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಕೊಡುವುದು ಸರಿ. ಡಿಸ್ಕ್ ಬಿಚ್ಚಲು ಬರುವ ಯಂತ್ರವಾದರೆ ಅದನ್ನು ಬಿಚ್ಚಿಟ್ಟುಕೊಂಡು ಮಿಕ್ಕದ್ದನ್ನು ಕೊಡಿ. ಬೆಸುಗೆ ಹಾಕಿದ್ದಾದರೆ ‘ರೀಸೆಟ್’ ಮಾಡುವಾಗ ಪೂರ್ತಿ ಅಳಿಸುವ ಆಯ್ಕೆಯನ್ನೇ ಆರಿಸಿ. ಎಸ್‌ಎಸ್‌ಡಿ ಹಾಕಿಸಿದ ದಿನ ಹೊರಬಂದ ಹಳೆಯ ಹಾರ್ಡ್ ಡಿಸ್ಕನ್ನೂ ಅಂಗಡಿಯ ಮೇಜಿನ ಮೇಲೆ ಮರೆತು ಬರಬೇಡಿ. ಮನೆಮಂದಿಯ ಆಧಾರ್ ಪ್ರತಿ, ಬ್ಯಾಂಕಿನ ಸ್ಟೇಟ್‌ಮೆಂಟ್, ಮಗುವಿನ ನಾಮಕರಣದ ಫೋಟೋ ಎಲ್ಲ ಅದರಲ್ಲೇ ಇವೆ.